ಕೀಬೋರ್ಡ್ ಜೋಡಿಸಿದರೂ ಮನೆ ಸರ್ವರ್ ಒಳಗೆ ಬಿಡುತ್ತಿಲ್ಲವೇ?

ಎಲ್ಲರಿಗೂ ನಮಸ್ಕಾರ. ಮನೆಯಲ್ಲೊಂದು ಪುಟ್ಟ ಲಿನಕ್ಸ್ ಸರ್ವರ್ ಇಟ್ಟುಕೊಂಡವರಿಗಾಗಿ ಇವತ್ತಿನ ಮಾತು. ಫೋಟೊ, ಬ್ಯಾಕಪ್ ಎಲ್ಲ ಹೊತ್ತುಕೊಂಡು ಮೂಲೆಯಲ್ಲಿ ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ. ಅದಕ್ಕೆ ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ. ಏನೇ ಕೆಲಸವಿದ್ದರೂ ಲ್ಯಾಪ್‌ಟಾಪ್‌ನಿಂದ ಎಸ್ಎಸ್ಎಚ್ ಮೂಲಕ, ಅಂದರೆ ನೆಟ್‌ವರ್ಕ್‌ನಲ್ಲೇ ದೂರದಿಂದ ಲಾಗಿನ್ ಆಗಿ, ಹೋಗಿ ಬರುತ್ತೇವೆ, ಅಲ್ವಾ? ಒಂದು ದಿನ ನೆಟ್‌ವರ್ಕ್ ಕೈಕೊಡುತ್ತದೆ. ಮಾನಿಟರ್ ಹೊತ್ತು ತಂದು ಜೋಡಿಸಿ, ಹೆಸರು ಹೊಡೆದು ಪಾಸ್‌ವರ್ಡ್ ಹೊಡೆದರೆ ‘ಲಾಗಿನ್ ಇನ್‌ಕರೆಕ್ಟ್’ ಎಂದು ಬರುತ್ತದೆ.

ನನಗೆ ಹೀಗೇ ಆಯಿತು. ಪಾಸ್‌ವರ್ಡ್ ಸರಿಯಿದೆ ಎಂದು ಖಾತ್ರಿ ಇತ್ತು, ಹಿಂದಿನ ದಿನವಷ್ಟೇ ಅದೇ ಪಾಸ್‌ವರ್ಡ್‌ನಲ್ಲಿ ಎಸ್ಎಸ್ಎಚ್ ಮಾಡಿದ್ದೆ. ಪಾಸ್‌ವರ್ಡ್ ಹೊಡೆಯುವಾಗ ಪರದೆಯಲ್ಲಿ ಏನೂ ಕಾಣುವುದಿಲ್ಲ, ಆದರೆ ಹೆಸರು ಹೊಡೆಯುವ ಜಾಗದಲ್ಲಿ ಕಾಣುತ್ತದೆ. ಹಾಗಾಗಿ ಪಾಸ್‌ವರ್ಡ್‌ನಲ್ಲಿದ್ದ ಚಿಹ್ನೆಗಳನ್ನು ಒಂದೊಂದಾಗಿ ಅಲ್ಲೇ ಹೊಡೆದು ನೋಡಿದೆ. ಶಿಫ್ಟ್ ಹಿಡಿದು ಅಂಕಿ ಎರಡನ್ನು ಒತ್ತಿದರೆ ‘ಅಟ್’ ಚಿಹ್ನೆ ಬರಬೇಕಿತ್ತು. ಬಂದದ್ದು ಜೋಡಿ ಉದ್ಧರಣ ಚಿಹ್ನೆ! ಸರ್ವರ್‌ನಲ್ಲಿ ಬ್ರಿಟಿಷ್ ಕೀಬೋರ್ಡ್ ವಿನ್ಯಾಸ ಕೂತಿತ್ತು, ನನ್ನ ಕೀಬೋರ್ಡ್ ಅಮೆರಿಕನ್ ವಿನ್ಯಾಸದ್ದು. ಎಸ್ಎಸ್ಎಚ್‌ನಲ್ಲಿ ಇದು ಯಾಕೆ ಗೊತ್ತಾಗಲಿಲ್ಲ ಅಂದರೆ, ಅಲ್ಲಿ ಯಾವ ಕೀಲಿಗೆ ಯಾವ ಅಕ್ಷರ ಎಂದು ತೀರ್ಮಾನಿಸುವುದು ಲ್ಯಾಪ್‌ಟಾಪ್. ಸರ್ವರ್‌ಗೆ ಸಿದ್ಧ ಅಕ್ಷರವೇ ತಲುಪುತ್ತದೆ. ಕನ್ಸೋಲ್‌ನಲ್ಲಿ, ಅಂದರೆ ಸರ್ವರ್‌ಗೇ ಜೋಡಿಸಿದ ಮಾನಿಟರ್, ಕೀಬೋರ್ಡ್‌ನಲ್ಲಿ, ಆ ತೀರ್ಮಾನ ಸರ್ವರ್‌ನದು. ನೀವೂ ಮೊದಲು ಇದನ್ನೇ ನೋಡಿ. ನೋಡಿದ ಮೇಲೆ ಬ್ಯಾಕ್‌ಸ್ಪೇಸ್‌ನಲ್ಲಿ ಅಳಿಸಿಬಿಡಿ, ಎಂಟರ್ ಒತ್ತಬೇಡಿ. ಕ್ಯಾಪ್ಸ್ ಲಾಕ್, ನಮ್ ಲಾಕ್ ಕೂಡ ಇಲ್ಲೇ ಸಿಕ್ಕಿಬೀಳುತ್ತವೆ.

ಕೀಬೋರ್ಡ್ ಸರಿಯಿದ್ದರೆ, ಮತ್ತೆ ಮತ್ತೆ ಪಾಸ್‌ವರ್ಡ್ ಹೊಡೆಯುವುದನ್ನು ದಯವಿಟ್ಟು ನಿಲ್ಲಿಸಿ. ಎಷ್ಟೋ ಲಿನಕ್ಸ್‌ಗಳಲ್ಲಿ ಫೇಲ್‌ಲಾಕ್ ಎಂಬ ಕಾವಲು ಇರುತ್ತದೆ. ಅದರ ಮೂಲ ಲೆಕ್ಕದಲ್ಲಿ 3 ಸಲ ತಪ್ಪಿದರೆ 600 ಸೆಕೆಂಡ್ ಬೀಗ, ಆಗ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಬಿಡುವುದಿಲ್ಲ. ಹತ್ತು ನಿಮಿಷ ಮುಟ್ಟದೆ ಬಿಟ್ಟು ಆಮೇಲೆ ಒಂದೇ ಒಂದು ಸಲ, ನಿಧಾನವಾಗಿ ಹೊಡೆಯಿರಿ. ಎಲ್ಲ ಅಧಿಕಾರವಿರುವ ರೂಟ್ ಖಾತೆಯ ಹೆಸರಿನಲ್ಲಿ ಹೋಗೋಣ ಅಂತ ಉಬುಂಟು ಲಿನಕ್ಸ್‌ನಲ್ಲಿ ಪ್ರಯತ್ನಿಸುವುದು ಸುಮ್ನೆ ದಂಡ, ಅಲ್ಲಿ ರೂಟ್ ಪಾಸ್‌ವರ್ಡ್ ಮೊದಲಿನಿಂದಲೇ ಮುಚ್ಚಿರುತ್ತದೆ.

ಇನ್ನೊಂದು ಬಗೆಯ ತೊಂದರೆ ಇದೆ, ಇದನ್ನು ಮೊದಲನೆಯದರ ಜೊತೆ ಬೆರೆಸಬೇಡಿ. ಪಾಸ್‌ವರ್ಡ್ ಕೊಟ್ಟ ಮೇಲೆ ‘ಇನ್‌ಕರೆಕ್ಟ್’ ಅನ್ನುವುದಿಲ್ಲ, ಪರದೆ ಒಮ್ಮೆ ಮಿನುಗಿ ಮತ್ತೆ ಹೆಸರು ಕೇಳುತ್ತದೆ. ಅಂದರೆ ಪಾಸ್‌ವರ್ಡ್ ಒಪ್ಪಿದೆ, ಆಮೇಲಿನದು ಕೆಟ್ಟಿದೆ. ಜಾಸ್ತಿ ಸಲ ಇದಕ್ಕೆ ಕಾರಣ ಶೆಲ್, ಅಂದರೆ ಲಾಗಿನ್ ಆದ ಮೇಲೆ ನಮ್ಮ ಆದೇಶಗಳನ್ನು ತೆಗೆದುಕೊಳ್ಳುವ ಪ್ರೋಗ್ರಾಂ. ಝಡ್‌ಶೆಲ್ ಎಂಬ ಬೇರೆ ಶೆಲ್ ಹಾಕಿಕೊಂಡು, ಆಮೇಲೆ ಆ ಪ್ಯಾಕೇಜ್ ತೆಗೆದು, ಖಾತೆಯಲ್ಲಿ ಹಳೆ ಶೆಲ್ ಹೆಸರು ಹಾಗೇ ಉಳಿದಿದ್ದರೆ ಹೀಗಾಗುತ್ತದೆ. ಇಲ್ಲಿ ಪಾಸ್‌ವರ್ಡ್ ಬದಲಿಸಿ ಏನೂ ಪ್ರಯೋಜನವಿಲ್ಲ.

ಹೆಸರನ್ನೇ ಕೇಳದೆ ಪರದೆ ಕಪ್ಪಗಿದ್ದರೆ ಕಂಟ್ರೋಲ್, ಆಲ್ಟ್ ಹಿಡಿದು ಎಫ್2 ಒತ್ತಿ, ಬೇರೆ ಕನ್ಸೋಲ್ ಸಿಗಬಹುದು.

ಪಾಸ್‌ವರ್ಡ್ ನಿಜವಾಗಿಯೂ ಮರೆತಿದ್ದರೆ? ವರ್ಷಗಟ್ಟಲೆ ಪಾಸ್‌ವರ್ಡ್ ಬದಲು ಎಸ್ಎಸ್ಎಚ್ ಕೀ ಎಂಬ ಫೈಲ್ ಬಳಸಿದವರಿಗೆ ಇದು ಸಹಜ. ಬೂಟ್ ಆಗುವಾಗ ಲಿನಕ್ಸ್ ಶುರುಮಾಡುವ ಗ್ರಬ್ ಎಂಬ ಪ್ರೋಗ್ರಾಂ ತೋರಿಸುವ ಪಟ್ಟಿಯಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ಹೀಗೆ ಸೇರಿಸಿ: ಇನಿಟ್ ಈಕ್ವಲ್ಸ್ ಸ್ಲ್ಯಾಷ್ ಬಿನ್ ಸ್ಲ್ಯಾಷ್ ಬ್ಯಾಶ್ (init=/bin/bash). ಕಂಟ್ರೋಲ್ ಎಕ್ಸ್ ಒತ್ತಿದರೆ ನೇರ ರೂಟ್ ಆಗಿ ಕೂರುತ್ತೀರಿ. ಡಿಸ್ಕ್ ಆಗ ಓದಲು ಮಾತ್ರ ತೆರೆದಿರಬಹುದು, ಅದನ್ನು ರೀಮೌಂಟ್ ಮಾಡಿ ಬರೆಯಲು ಬಿಟ್ಟುಕೊಂಡೇ ‘ಪಾಸ್‌ವಡ್’ (passwd) ಆದೇಶವನ್ನು ನಿಮ್ಮ ಖಾತೆಯ ಹೆಸರು ಕೊಟ್ಟು ಓಡಿಸಿ. ಹೊಸ ಪಾಸ್‌ವರ್ಡ್‌ನಲ್ಲಿ ಸದ್ಯಕ್ಕೆ ಚಿಹ್ನೆ ಬೇಡ, ಅಕ್ಷರ ಮತ್ತು ಅಂಕಿ ಸಾಕು. ಮುಗಿದ ಮೇಲೆ ಬರೆದದ್ದನ್ನು ಡಿಸ್ಕ್‌ಗೆ ಉಳಿಸುವ ‘ಸಿಂಕ್’ ಆದೇಶ ಹೊಡೆದು ಮತ್ತೆ ಬೂಟ್ ಮಾಡಿ. ಅಂದಹಾಗೆ, ಪೆಟ್ಟಿಗೆ ಕೈಗೆ ಸಿಕ್ಕಿದ ಯಾರು ಬೇಕಾದರೂ ಇದನ್ನೇ ಮಾಡಬಹುದು. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ್ದರೆ ಮಾತ್ರ ಅದರ ಗುಟ್ಟುಪದ ಇಲ್ಲದೆ ಆಗುವುದಿಲ್ಲ.

ಇನ್ನು ನನ್ನ ಕಥೆಗೆ ಬಂದರೆ, ನನ್ನ ಸರ್ವರ್‌ನದು ಡೆಬಿಯನ್ ಲಿನಕ್ಸ್. ಉದ್ಧರಣ ಚಿಹ್ನೆ ಕಂಡ ಮೇಲೆ ‘ಅಟ್’ ಎಲ್ಲಿದೆ ಎಂದು ಹುಡುಕಿದೆ. ಎಂಟರ್ ಪಕ್ಕದ ಉದ್ಧರಣ ಚಿಹ್ನೆಯ ಕೀಲಿಯನ್ನು ಶಿಫ್ಟ್ ಹಿಡಿದು ಒತ್ತಿದರೆ ಬಂತು. ಹಾಗೇ ಒಳಗೆ ಹೋಗಿ, ಡಿಪಿಕೆಜಿ-ರೀಕಾನ್ಫಿಗರ್ ಆದೇಶಕ್ಕೆ ಕೀಬೋರ್ಡ್-ಕಾನ್ಫಿಗರೇಶನ್ ಎಂದು ಕೊಟ್ಟು ವಿನ್ಯಾಸ ಬದಲಿಸಿದೆ. ಮತ್ತೆ ಬೂಟ್ ಮಾಡಿ, ಹೆಸರಿನ ಜಾಗದಲ್ಲಿ ಶಿಫ್ಟ್ ಎರಡು ಒತ್ತಿ, ‘ಅಟ್’ ಬಂದದ್ದನ್ನು ಕಣ್ಣಾರೆ ನೋಡಿಯೇ ಮಾನಿಟರ್ ಬಿಚ್ಚಿದ್ದು.