ಖಾಲಿ ವ್ಯಾಗನ್ನಿನ ಖರ್ಚು: ಕಲ್ಲಿದ್ದಲು ಸಾಗಣೆಯ ಲೆಕ್ಕಾಚಾರ

ಮಾನ್ಯ ಸಭಿಕರೇ,

ಗೋವೆಯ ಮರ್ಮಗೋವಾ ಬಂದರಿನಲ್ಲಿ ಹಡಗಿನಿಂದ ಇಳಿದ ಕಲ್ಲಿದ್ದಲು ಕ್ಯಾಸಲ್‌ರಾಕ್ ಘಟ್ಟ ಹತ್ತಿ, ಲೋಂಡಾ, ಧಾರವಾಡ, ಹುಬ್ಬಳ್ಳಿ, ಗದಗ ದಾಟಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯತ್ತ ಸಾಗುವುದನ್ನು ಈ ಭಾಗದವರು ರೈಲ್ವೆ ಗೇಟಿನಲ್ಲಿ ಕಾಯುತ್ತ ನೋಡಿರುತ್ತೀರಿ. ಆ ಗಾಡಿಯ ಖರ್ಚಿನಲ್ಲಿ ಗಣನೀಯ ಪಾಲು ಕಲ್ಲಿದ್ದಲೇ ಇಲ್ಲದ ಓಟಕ್ಕೆ ಸಲ್ಲುತ್ತದೆ ಎಂಬುದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಬಾಕ್ಸ್‌ಎನ್ ಎಂಬ ತೆರೆದ ವ್ಯಾಗನ್ನಿನ ತೂಕವೇ ಸುಮಾರು 22 ಟನ್; ಅದು ಹೊರುವ ಸರಕು ಸುಮಾರು 60 ಟನ್. ಇಂಥ 58 ವ್ಯಾಗನ್‌ಗಳ ಒಂದು ರೇಕ್ ಸುಮಾರು 3,500 ಟನ್ ಒಯ್ಯುತ್ತದೆ. 25 ಟನ್ನಿನ ಲಾರಿಗಳಾದರೆ 140 ಬೇಕು. ಆದರೆ ಈ ಉಳಿತಾಯ ರೇಕ್ ಪೂರ್ತಿ ತುಂಬಿದಾಗ, ತಡವಿಲ್ಲದೆ ಬರಿದಾದಾಗ ಮಾತ್ರ. ನಿಗದಿತ ಅವಧಿ ಮೀರಿದರೆ ಡೆಮರೇಜ್, ಅಂದರೆ ವ್ಯಾಗನ್ ತಡೆದಿಟ್ಟುಕೊಂಡದ್ದಕ್ಕೆ ದಂಡ, ತೆರಬೇಕು.

ಘಟ್ಟದ ಮಾತೇ ಬೇರೆ. ಅಲ್ಲಿನ ಏರು 37ಕ್ಕೆ 1, ಅಂದರೆ 37 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ಸರಕು ಸೇರಿ ಸುಮಾರು 4,800 ಟನ್ ತೂಗುವ ಗಾಡಿಯನ್ನು ಆ ಏರಿನಲ್ಲಿ ಹಿಂದಕ್ಕೆ ಜಗ್ಗುವ ಬಲವೇ 130 ಟನ್ನಿನಷ್ಟಾಗುತ್ತದೆ. ಆದ್ದರಿಂದ ಮುಂದಿನ ಎಂಜಿನ್‌ಗಳ ಜೊತೆಗೆ ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್‌ಗಳೂ ಬೇಕು. ಇಲ್ಲಿ ಜೋಡಿ ಹಳಿ ಹಾಕಲು ವನ್ಯಜೀವಿ ಮಂಡಳಿ ಕೊಟ್ಟಿದ್ದ ಅನುಮತಿಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಕಾಡಿನ ನಷ್ಟವನ್ನು ಯಾವ ದರಪಟ್ಟಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ ಆ ತೀರ್ಪು ಸರಿಯೆಂದೇ ನಾನು ನಂಬುತ್ತೇನೆ.

ಇನ್ನು ಮರುಪ್ರಯಾಣ. ಬಳ್ಳಾರಿ–ಹೊಸಪೇಟೆಯ ಕಬ್ಬಿಣದ ಅದಿರು ಇದೇ ಹಳಿಯ ಮೇಲೆ ಬಂದರಿಗೆ ಇಳಿಯುತ್ತಿದ್ದ ಕಾಲದಲ್ಲಿ ವ್ಯಾಗನ್ನಿಗೆ ಎರಡೂ ದಿಕ್ಕಿನಲ್ಲಿ ಸರಕು ಸಿಗುವ ಅವಕಾಶವಿತ್ತು. 2010ರಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತಿಗೆ ತಡೆಯೊಡ್ಡಿತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಅಕ್ರಮ ಗಣಿಗಾರಿಕೆಗೆ ಕಡಿವಾಣ ಬೀಳಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಳಿಯುವ ಸರಕು ತಪ್ಪಿದರೆ ಸುಮಾರು 1,300 ಟನ್ ಬರಿ ಉಕ್ಕಿನ ಡಬ್ಬಿಗಳನ್ನು ಬಂದರಿಗೆ ಎಳೆದೊಯ್ಯಬೇಕಾಗುತ್ತದೆ. ಖಾಲಿ ಗಾಡಿಗೂ ಲೋಕೋ ಪೈಲಟ್ ಬೇಕು, ಗಾರ್ಡ್ ಬೇಕು. ತುಂಬಿದ ಗಾಡಿಯಷ್ಟೇ ಹಳಿಯನ್ನು ಅದೂ ಆಕ್ರಮಿಸುತ್ತದೆ. ಈ ಖರ್ಚೆಲ್ಲ ಕೊನೆಗೆ ತುಂಬಿದ ಗಾಡಿಯ ಬಾಡಿಗೆಯಿಂದಲೇ ಹುಟ್ಟಬೇಕು.

ಹಾವೇರಿಯ ಗೋವಿನಜೋಳವನ್ನೇ ಅದರಲ್ಲಿ ತುಂಬಿ ಕಳಿಸಬಾರದೇ ಎಂದು ಯಾರಿಗಾದರೂ ಅನ್ನಿಸೀತು. ಕಲ್ಲಿದ್ದಲಿನ ವ್ಯಾಗನ್ನಿಗೆ ಮೇಲ್ಛಾವಣಿ ಇಲ್ಲ, ತಳದಲ್ಲಿ ಕರಿಪುಡಿ ಅಂಟಿಕೊಂಡಿರುತ್ತದೆ. ಕಾಳುಕಡಿಗೆ ಮುಚ್ಚಿದ ವ್ಯಾಗನ್ನೇ ಬೇಕು.

ಹೀಗಾಗಿ ಟನ್ನಿಗೆ ಬಾಡಿಗೆ ಎಷ್ಟು ಎಂದು ಕೇಳುವವರು, ತುಂಬಿ ಹೊರಟ ವ್ಯಾಗನ್ ಮತ್ತೆ ತುಂಬಿಕೊಳ್ಳಲು ಎಷ್ಟು ದಿನ ಹಿಡಿಯಿತು ಎಂದೂ ಕೇಳಬೇಕು. ಆ ಸುತ್ತು 5 ದಿನದಿಂದ 6 ದಿನಕ್ಕೆ ಏರಿದರೆ, 5 ರೇಕ್‌ಗಳು ಮಾಡುತ್ತಿದ್ದ ಕೆಲಸಕ್ಕೆ 6 ರೇಕ್‌ಗಳು ಬೇಕಾಗುತ್ತವೆ.