ಸ್ವಂತ ಸಿಂಕ್ ಸರ್ವರ್, ಮತ್ತು ಜಗ್ಗದೆ ಕೂತ ಒಂದು 401

ನಮಸ್ಕಾರ. ಪರದೆಯ ಮೇಲೆ ಸದ್ಯಕ್ಕೆ ಖಾಲಿ ಟರ್ಮಿನಲ್ ಬಿಟ್ಟರೆ ನೋಡಲು ಏನೂ ಇಲ್ಲ. ಆದ್ದರಿಂದ ಇಂದಿನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಬುಕ್‌ಮಾರ್ಕ್‌ಗಳು, ಓಡಾಡಿದ ಪುಟಗಳ ಇತಿಹಾಸ, ಪಾಸ್‌ವರ್ಡ್‌ಗಳು, ತೆರೆದಿಟ್ಟು ಮರೆತ ಟ್ಯಾಬ್‌ಗಳು, ಇವೆಲ್ಲ ಲ್ಯಾಪ್‌ಟಾಪಿನಿಂದ ಫೋನಿಗೆ ಹೋಗುವಾಗ ನಡುವೆ ಒಂದು ಸರ್ವರ್ ನಿಂತಿರುತ್ತದೆ. ಹೀಗೆ ಸಾಧನಗಳ ನಡುವೆ ಮಾಹಿತಿಯನ್ನು ಒಂದೇ ತೆರನಾಗಿ ಇಡುವುದಕ್ಕೆ ಸಿಂಕ್ ಎನ್ನುತ್ತಾರೆ. ಆ ಸರ್ವರನ್ನು ನಮ್ಮದೇ ಯಂತ್ರದಲ್ಲಿ ನಡೆಸಬೇಕು.

ಗೋಪ್ಯತೆ ಹೆಚ್ಚುತ್ತದೆ ಎಂಬ ಆಸೆಯಿಂದ ಯಾರಾದರೂ ಇದಕ್ಕೆ ಕೈ ಹಾಕುವುದಾದರೆ ಈಗಲೇ ಬಿಟ್ಟುಬಿಡುವುದು ಒಳ್ಳೆಯದು. ಫೈರ್‌ಫಾಕ್ಸ್ ಸಿಂಕ್‌ನಲ್ಲಿ ಮಾಹಿತಿಯು ಸಾಧನದಿಂದ ಹೊರಡುವ ಮೊದಲೇ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀಲಿಯಿಲ್ಲದೆ ಓದಲಾಗದ ರೂಪಕ್ಕೆ ತಿರುಗಿರುತ್ತದೆ. ನೀವು ಟೈಪ್ ಮಾಡುವ ಪಾಸ್‌ವರ್ಡ್ ಕೂಡ ಹಾಗೆಯೇ ಸರ್ವರಿಗೆ ಹೋಗುವುದಿಲ್ಲ. ಬ್ರೌಸರಿನ ಒಳಗೇ ಅದರಿಂದ ಎರಡು ಬೇರೆ ಬೇರೆ ಮೌಲ್ಯಗಳನ್ನು ತೆಗೆಯಲಾಗುತ್ತದೆ, ಅವುಗಳಲ್ಲಿ ಒಂದು ನೀವು ನೀವೇ ಎಂದು ತೋರಿಸಲು ಆಚೆ ಹೋಗುತ್ತದೆ, ಕೀಲಿಯನ್ನು ಬಿಚ್ಚಲು ಬೇಕಾದ ಇನ್ನೊಂದು ಹೊರಗೆ ಕಾಲಿಡುವುದೇ ಇಲ್ಲ. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ಸರ್ವರಿನಲ್ಲಿದ್ದರೂ ನಿಮ್ಮ ಬುಕ್‌ಮಾರ್ಕ್‌ಗಳನ್ನು ಅವರು ಓದಲಾರರು, ನಿಮ್ಮ ಸರ್ವರಿನಲ್ಲಿದ್ದರೆ ನೀವೂ ಅಲ್ಲಿಂದ ಓದಲಾರಿರಿ. ಇದನ್ನು ಸ್ವಲ್ಪ ಹೊತ್ತಿನಲ್ಲಿ ಡೇಟಾಬೇಸ್ ತೆರೆದೇ ತೋರಿಸುತ್ತೇನೆ.

ಹಾಗಾದರೆ ಈ ಉಸಾಬರಿ ಏಕೆ ಎಂದರೆ, ನನಗೆ ಕಾರಣ 2021ರ ಮಾರ್ಚ್ 15. ಆ ದಿನದಿಂದ ಗೂಗಲ್ ಸಂಸ್ಥೆಯು ಕ್ರೋಮಿಯಂ, ಅಂದರೆ ಕ್ರೋಮ್‌ನ ಅಡಿಪಾಯವಾದ ತೆರೆದ ಕೋಡನ್ನು ಆಧರಿಸಿದ ಬೇರೆಯವರ ಬ್ರೌಸರ್‌ಗಳಿಗೆ ಕ್ರೋಮ್ ಸಿಂಕ್ ಬಳಸುವ ಅವಕಾಶವನ್ನು ನಿಲ್ಲಿಸಿತು. ಲಿನಕ್ಸ್ ವಿತರಣೆಗಳಲ್ಲಿ ಬರುವ ಕ್ರೋಮಿಯಂ ಬಳಸುತ್ತಿದ್ದವರ ಬುಕ್‌ಮಾರ್ಕ್‌ಗಳು ಅಳಿಸಿಹೋಗಲಿಲ್ಲ, ಒಂದು ಸಾಧನದಿಂದ ಇನ್ನೊಂದಕ್ಕೆ ಹೋಗುವುದು ಮಾತ್ರ ನಿಂತಿತು. ಅದು ಅವರ ಸರ್ವರ್, ಅವರ ನಿರ್ಧಾರ, ಅದರಲ್ಲಿ ತಕರಾರು ಮಾಡಲು ನಮಗೆ ಹಕ್ಕಿಲ್ಲ ಎಂಬುದೇ ನನ್ನ ತಕರಾರು. ಬ್ರೇವ್ ಬ್ರೌಸರ್ ತನ್ನದೇ ಸಿಂಕ್ ಸರ್ವರನ್ನು ನಡೆಸುತ್ತದೆ, ಅದರ ಕೋಡ್ ಕೂಡ ತೆರೆದೇ ಇದೆ. ನಾನು ಫೈರ್‌ಫಾಕ್ಸನ್ನು ಆರಿಸಿಕೊಂಡದ್ದಕ್ಕೆ ಕಾರಣ ಸರಳವಾದದ್ದು: ಸರ್ವರಿನ ವಿಳಾಸವನ್ನು ಬದಲಾಯಿಸುವ ಜಾಗ ಬ್ರೌಸರಿನ ಒಳಗೇ ಇದೆ.

ನೀವೀಗ ನೋಡುತ್ತಿರುವುದು ಡಾಕರ್ ಇಮೇಜ್, ಅಂದರೆ ಸರ್ವರ್ ಮತ್ತು ಅದಕ್ಕೆ ಬೇಕಾದದ್ದೆಲ್ಲ ಸೇರಿದ ಪೊಟ್ಟಣ, ತಯಾರಾಗುವ ದೃಶ್ಯ. ಆದೇಶಗಳನ್ನು ಓದಿ ಹೇಳುವುದಿಲ್ಲ, ಪರದೆಯಲ್ಲೇ ಕಾಣುತ್ತಿವೆ. ಇದಕ್ಕೆ ಸಮಯ ಹಿಡಿಯುತ್ತದೆ, ಏಕೆಂದರೆ ಈ ಸರ್ವರ್ ರಸ್ಟ್ ಭಾಷೆಯಲ್ಲಿದೆ. ರಸ್ಟ್ ಕೋಡನ್ನು ಕಂಪೈಲ್ ಮಾಡುವಾಗ, ಅಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ತರುವಾಗ, ಸಣ್ಣ ಯಂತ್ರದ ಮೆಮೊರಿ ಸಾಲದೆ ಅರ್ಧದಲ್ಲೇ ನಿಂತುಹೋಗುವುದೂ ಉಂಟು. ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಮಾಡಿ ಇಮೇಜನ್ನು ಆಮೇಲೆ ಸರ್ವರಿಗೆ ಕಳುಹಿಸುವುದೇ ಸುಖ.

ಕಾಯುವ ಹೊತ್ತಿಗೆ ಸ್ವಲ್ಪ ಹಳೆಯ ಕಥೆ ಹೇಳುತ್ತೇನೆ. ಈ ಸಿಂಕ್ 2007ರ ಡಿಸೆಂಬರಿನಲ್ಲಿ ಮೊಜಿಲ್ಲಾ ಲ್ಯಾಬ್ಸ್‌ನಲ್ಲಿ ವೀವ್ ಎಂಬ ಪ್ರಯೋಗವಾಗಿ ಹುಟ್ಟಿತು. 2011ರಲ್ಲಿ ಫೈರ್‌ಫಾಕ್ಸ್ 4 ಬಂದಾಗ ಬ್ರೌಸರಿನ ಭಾಗವೇ ಆಯಿತು. ಆಗ ಖಾತೆಯ ಪಾಸ್‌ವರ್ಡಿನಿಂದ ಕೀಲಿ ಹುಟ್ಟುವ ವ್ಯವಸ್ಥೆ ಇರಲಿಲ್ಲ. ಒಂದು ಸಾಧನದ ಪರದೆಯಲ್ಲಿ ಕಂಡ ಸಂಕೇತವನ್ನು ಇನ್ನೊಂದರಲ್ಲಿ ಟೈಪ್ ಮಾಡಿ ಎರಡನ್ನೂ ಜೋಡಿಸಬೇಕಿತ್ತು. 2014ರಲ್ಲಿ ಫೈರ್‌ಫಾಕ್ಸ್ 29ರೊಂದಿಗೆ ಖಾತೆಯ ಪದ್ಧತಿ ಬಂತು. ಹಳೆಯ ಜೋಡಣೆಯೇ ಮೇಲಾಗಿತ್ತು ಎಂದು ನಾನು ಬಹಳ ಕಾಲ ವಾದಿಸಿದ್ದೇನೆ, ಏಕೆಂದರೆ ಅದರಲ್ಲಿ ಪಾಸ್‌ವರ್ಡ್ ಊಹಿಸಿ ಒಳನುಗ್ಗುವ ದಾರಿಯೇ ಇರಲಿಲ್ಲ. ಆದರೆ ಇದ್ದ ಒಂದೇ ಸಾಧನ ಕೆಟ್ಟುಹೋದರೆ ಕೀಲಿಯೂ ಅದರೊಂದಿಗೇ ಹೋಗುತ್ತಿತ್ತು ಎಂಬುದನ್ನು ನೆನೆದರೆ ಆ ವಾದಕ್ಕೆ ಈಗ ಮೊದಲಿನ ಬಿಸಿ ಇಲ್ಲ. ಸ್ವಂತವಾಗಿ ನಡೆಸುವವರಿಗೆಂದು ಆಗ ಪೈಥಾನಿನಲ್ಲಿ ಬರೆದ ಪುಟ್ಟ ಸರ್ವರೊಂದು ಇತ್ತು. ಅದು ಪೈಥಾನ್ 2ನ್ನು ನೆಚ್ಚಿಕೊಂಡಿತ್ತು, 2020ರ ಜನವರಿ 1ಕ್ಕೆ ಪೈಥಾನ್ 2ರ ಬೆಂಬಲವೇ ಮುಗಿಯಿತು. ಅದರ ಜಾಗಕ್ಕೆ ಬಂದದ್ದೇ ಈಗ ಕಂಪೈಲ್ ಆಗುತ್ತಿರುವ ಸಿಂಕ್‌ಸ್ಟೋರೇಜ್-ಆರ್‌ಎಸ್. ಇದು ಮೊಜಿಲ್ಲಾದ ಬೃಹತ್ ಬಳಕೆಗಾಗಿ ಗೂಗಲ್‌ನ ಸ್ಪ್ಯಾನರ್ ಡೇಟಾಬೇಸನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಳೆದದ್ದು. ನಮ್ಮಂಥವರ ಪಾಲಿಗೆ ಮೈಎಸ್‌ಕ್ಯೂಎಲ್ ಡೇಟಾಬೇಸ್ ಇದೆ. ಹಳೆಯದನ್ನು ಅರ್ಧ ಗಂಟೆಯಲ್ಲಿ ಎದ್ದು ನಿಲ್ಲಿಸಬಹುದಿತ್ತು, ಆದರೆ... ಇಮೇಜ್ ಸಿದ್ಧವಾಯಿತು, ಮುಂದೆ ಹೋಗೋಣ.

ಡೇಟಾಬೇಸ್‌ಗಳು ಎರಡು ಬೇಕು. ಒಂದು ಪ್ರವೇಶದ ಚೀಟಿ ಕೊಡುವ ಟೋಕನ್ ಸರ್ವರಿಗೆ, ಇನ್ನೊಂದು ಮಾಹಿತಿಯನ್ನು ಕೂಡಿಡುವ ಉಗ್ರಾಣಕ್ಕೆ. ಬ್ರೌಸರ್ ಮೊದಲು ಮೊಜಿಲ್ಲಾ ಖಾತೆಯಿಂದ ಒಂದು ಪ್ರವೇಶ ಟೋಕನ್ ಪಡೆದು ಅದನ್ನು ಟೋಕನ್ ಸರ್ವರಿಗೆ ತೋರಿಸುತ್ತದೆ; ಟೋಕನ್ ಸರ್ವರ್ ಅದನ್ನು ಪರಿಶೀಲಿಸಿ, ನಿಮ್ಮ ಮಾಹಿತಿ ಇಂಥ ವಿಳಾಸದಲ್ಲಿದೆ, ಈ ತಾತ್ಕಾಲಿಕ ಕೀಲಿಯಿಂದ ಸಹಿ ಹಾಕಿ ಅಲ್ಲಿಗೆ ಹೋಗಿ ಎಂದು ಕಳುಹಿಸುತ್ತದೆ. ಖಾತೆಯ ಭಾಗ ಮಾತ್ರ ಇನ್ನೂ ಮೊಜಿಲ್ಲಾದ ಬಳಿಯೇ ಉಳಿಯುತ್ತದೆ ಎಂಬುದನ್ನು ಗಮನಿಸಿ. ಅದನ್ನೂ ಸ್ವಂತವಾಗಿ ನಡೆಸಲು ಸಾಧ್ಯವಿದೆ, ಆದರೆ ಅದು ಹಲವು ಸೇವೆಗಳ ದೊಡ್ಡ ಸಂಸಾರ. ಒಬ್ಬ ಮನುಷ್ಯನ ಬುಕ್‌ಮಾರ್ಕ್‌ಗಳಿಗೆ ಅಷ್ಟೆಲ್ಲ ಹೊರುವುದು ಹುಚ್ಚುತನ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಟೋಕನ್ ಡೇಟಾಬೇಸಿನಲ್ಲಿ ಎರಡು ಸಾಲುಗಳನ್ನು ಕೈಯಿಂದಲೇ ಸೇರಿಸುತ್ತಿದ್ದೇನೆ. ಮೊದಲನೆಯದು ಸೇವೆಯ ಹೆಸರು ಮತ್ತು ವಿಳಾಸದ ಮಾದರಿ, ಎರಡನೆಯದು ನೋಡ್, ಅಂದರೆ ಉಗ್ರಾಣ ಸಿಗುವ ಸಾರ್ವಜನಿಕ ವಿಳಾಸ. ನೋಡ್‌ನ ವಿಳಾಸದ ಕೊನೆಯಲ್ಲಿ ಓರೆಗೆರೆ (/) ಇರಕೂಡದು. ಮಾದರಿಯಲ್ಲೇ ಒಂದಿದೆ, ಎರಡು ಸೇರಿದರೆ ದಾರಿ ತಪ್ಪುತ್ತದೆ. ಅದೇ ಸಾಲಿನಲ್ಲಿ ಕೆಪಾಸಿಟಿ ಎಂಬ ಅಂಕಣವಿದೆ, ಅದಕ್ಕೆ ದೊಡ್ಡ ಸಂಖ್ಯೆ ಕೊಡಬೇಡಿ. ಹಳೆಯ ಪೈಥಾನ್ ಸರ್ವರಿನಲ್ಲಿ ಹೊಸ ಬಳಕೆದಾರರು ಬೇಡ ಎನ್ನಲು ಒಂದು ಸಾಲಿನ ಆಯ್ಕೆ ಇತ್ತು. ಇಲ್ಲಿ ನಾನು ಆ ಕೆಲಸಕ್ಕೆ ಈ ಅಂಕಣವನ್ನೇ ಬಳಸುತ್ತೇನೆ, ಏಕೆಂದರೆ ಮೊಜಿಲ್ಲಾ ಖಾತೆ ಇರುವ ಯಾರೇ ಆದರೂ ನಿಮ್ಮ ವಿಳಾಸ ತಿಳಿದುಕೊಂಡು ನಿಮ್ಮ ಡಿಸ್ಕಿನಲ್ಲಿ ಬಿಡಾರ ಹೂಡಬಹುದು. ನಿಮ್ಮ ಮನೆಮಂದಿಯ ಲೆಕ್ಕಕ್ಕೆ ಸರಿಹೋಗುವಷ್ಟು ಕೆಪಾಸಿಟಿ ಇಟ್ಟರೆ ಅದು ತುಂಬಿದ ಮೇಲೆ ಬಂದವರಿಗೆ ಜಾಗ ಸಿಗುವುದಿಲ್ಲ.

ಸರ್ವರ್ ಎದ್ದು ನಿಂತಿದೆ. ಸರ್ವರ್ ಜೀವಂತವಿದೆಯೇ ಎಂದು ಹೇಳುವ ಹಾರ್ಟ್‌ಬೀಟ್ ಪುಟವನ್ನು ಕೇಳಿದರೆ ಎಲ್ಲ ಸರಿಯಿದೆ ಎಂದು ಉತ್ತರ ಬರುತ್ತಿದೆ. ಈ ಉತ್ತರವನ್ನು ದಯವಿಟ್ಟು ನಂಬಬೇಡಿ.

ನಂಬಬಾರದು ಏಕೆಂದರೆ ಮುಂದಿನ ಶಾಟಿನಲ್ಲಿ ಕಾಣುವುದೇ ಈ ವಿಡಿಯೊದ ಅರ್ಧ ಭಾಗವನ್ನು ನುಂಗಿಹಾಕಿದ ಗೋಳು. ಬ್ರೌಸರಿನಲ್ಲಿ ಸಿಂಕ್ ಒತ್ತಿದರೆ ಬಾಣದ ಚಕ್ರ ತಿರುಗುತ್ತದೆ, ನಿಲ್ಲುತ್ತದೆ, ಏನೂ ಆಗಿರುವುದಿಲ್ಲ. ಕಣ್ಣಿಗೆ ಬೀಳುವಂಥ ದೋಷದ ಸಂದೇಶವೂ ಇಲ್ಲ. ವಿಳಾಸಪಟ್ಟಿಯಲ್ಲಿ ಎಬೌಟ್ ಸಿಂಕ್-ಲಾಗ್ ಎಂದು ಕೊಟ್ಟರೆ ಲಾಗ್ ಕಡತಗಳ ಪಟ್ಟಿ ತೆರೆಯುತ್ತದೆ. ಅದರಲ್ಲಿ ಇತ್ತೀಚಿನದನ್ನು ತೆರೆದರೆ ಕಾಣುವುದು ಇದು: ಟೋಕನ್ ಸರ್ವರಿಗೆ ಹೋದ ಕೋರಿಕೆಗೆ 200 (ಸರಿ), ಅದರ ಬೆನ್ನಿಗೇ ಉಗ್ರಾಣಕ್ಕೆ ಹೋದ ಕೋರಿಕೆಗೆ 401 (ಗುರುತು ಒಪ್ಪಿಗೆಯಾಗಲಿಲ್ಲ). ಅಂದರೆ ಬಾಗಿಲಲ್ಲಿ ಚೀಟಿ ಕೊಟ್ಟವನೇ ಒಳಗೆ ಹೋದಾಗ ಈ ಚೀಟಿ ಖೋಟಾ ಎನ್ನುತ್ತಿದ್ದಾನೆ. ಬ್ರೌಸರ್ ಪಾಪ, ಚೀಟಿ ಹಳತಾಗಿರಬೇಕೆಂದು ಭಾವಿಸಿ ಹೊಸದನ್ನು ಕೇಳಿ ತರುತ್ತದೆ, ಮತ್ತೆ 401.

ಇದರ ಮೂಲ ಎಲ್ಲಿದೆ ಎಂದರೆ ಹಾಕ್ ಎಂಬ ಸಹಿ ಪದ್ಧತಿಯಲ್ಲಿ. ಬ್ರೌಸರ್ ತನ್ನ ಪ್ರತಿಯೊಂದು ಕೋರಿಕೆಗೂ ತಾತ್ಕಾಲಿಕ ಕೀಲಿಯಿಂದ ಸಹಿ ಹಾಕುತ್ತದೆ, ಆ ಸಹಿಯ ಲೆಕ್ಕದಲ್ಲಿ ಸಮಯ, ಕೋರಿಕೆಯ ಬಗೆ, ದಾರಿ ಇವುಗಳ ಜೊತೆಗೆ ಹೋಸ್ಟ್‌ನ, ಅಂದರೆ ಸರ್ವರಿನ ಹೆಸರು ಮತ್ತು ಕೋರಿಕೆ ಒಳಬರುವ ಬಾಗಿಲಾದ ಪೋರ್ಟ್‌ನ ಸಂಖ್ಯೆಯೂ ಸೇರಿರುತ್ತದೆ. ಸರ್ವರ್ ಅದೇ ಲೆಕ್ಕವನ್ನು ತನ್ನ ಕಡೆಯಿಂದ ಮಾಡಿ ಎರಡನ್ನೂ ಹೋಲಿಸುತ್ತದೆ. ಬ್ರೌಸರ್ ಮಾತಾಡುತ್ತಿರುವುದು ಎಚ್‌ಟಿಟಿಪಿಎಸ್‌ನಲ್ಲಿ, ಆದ್ದರಿಂದ ಅದರ ಲೆಕ್ಕದಲ್ಲಿ ಪೋರ್ಟ್ 443. ಆದರೆ ನಡುವೆ ಹೊರಗಿನ ಕೋರಿಕೆಗಳನ್ನು ಒಳಗೆ ದಾಟಿಸುವ ರಿವರ್ಸ್ ಪ್ರಾಕ್ಸಿ ಇದೆ, ಎಚ್‌ಟಿಟಿಪಿಎಸ್‌ನ ಗೂಢಲಿಪಿಯಾದ ಟಿಎಲ್‌ಎಸ್ ಅಲ್ಲಿಗೇ ಮುಗಿಯುತ್ತದೆ, ಅಲ್ಲಿಂದ ಸರ್ವರ್ ಓಡುತ್ತಿರುವ ಕಂಟೇನರಿಗೆ ಸಾದಾ ಎಚ್‌ಟಿಟಿಪಿಯಲ್ಲಿ ಹೋಗುತ್ತದೆ. ಮೂಲ ಕೋರಿಕೆ ಎಚ್‌ಟಿಟಿಪಿಎಸ್ ಆಗಿತ್ತೆಂದು ಪ್ರಾಕ್ಸಿ ಪ್ರೋಟೊ ಎಂಬ ಹೆಡರಿನಲ್ಲಿ, ಅಂದರೆ ಕೋರಿಕೆಯ ತಲೆಬರಹದ ಸಾಲಿನಲ್ಲಿ, ಹೇಳದಿದ್ದರೆ ಒಳಗಿರುವ ಸರ್ವರ್ ಪೋರ್ಟ್ 80 ಎಂದು ಹಿಡಿದು ಲೆಕ್ಕ ಹಾಕುತ್ತದೆ. ಎರಡು ಲೆಕ್ಕಗಳೂ ಅವುಗಳ ಮಟ್ಟಿಗೆ ಸರಿ, ಉತ್ತರಗಳು ಮಾತ್ರ ಕೂಡಿ ಬರುವುದಿಲ್ಲ. ಟೋಕನ್ ಸರ್ವರಿನ ಕೋರಿಕೆಗೆ ಹಾಕ್ ಸಹಿ ಬೇಕಿಲ್ಲ, ಹಾರ್ಟ್‌ಬೀಟಿಗೂ ಬೇಕಿಲ್ಲ, ಅದಕ್ಕೇ ಅವೆರಡೂ ನಗುನಗುತ್ತಾ 200 ಎನ್ನುತ್ತವೆ.

ಅಂತರ್ಜಾಲದಲ್ಲಿ ಸಿಗುವ ಒಂದು ಮಾರ್ಗದರ್ಶಿಯ ಪ್ರಾಕ್ಸಿ ಸಂರಚನೆಯನ್ನು ಇಲ್ಲಿ ಬಳಸಲಾಗಿತ್ತು. ಅದರಲ್ಲಿ ಹೋಸ್ಟ್ ಹೆಡರ್ ಇದೆ, ಪ್ರೋಟೊ ಹೆಡರ್ ಇಲ್ಲ. ಬರೆದವರ ಬಳಿ ಬಹುಶಃ ಪ್ರಾಕ್ಸಿಯೇ ಅದನ್ನು ತಾನಾಗಿ ಸೇರಿಸುತ್ತಿರಬೇಕು, ಎಲ್ಲ ಪ್ರಾಕ್ಸಿಗಳೂ ಹಾಗೆ ಮಾಡುವುದಿಲ್ಲ. ನನ್ನ ಸಿಟ್ಟು ಆ ಒಂದು ಸಾಲಿನ ಮೇಲಲ್ಲ. ಪೋರ್ಟ್ ಹೊಂದಿಕೆಯಾಗದಿದ್ದರೂ 401, ಗಡಿಯಾರ ಹಿಂದೆಮುಂದೆ ಇದ್ದರೂ 401, ಕೀಲಿ ನಿಜವಾಗಿ ತಪ್ಪಿದ್ದರೂ 401; ಬ್ರೌಸರಿನ ಲಾಗಿಗೆ ಬರುವುದು ಅದೊಂದೇ ಸಂಖ್ಯೆ. ಸಹಿ ಪರಿಶೀಲಿಸುವವನು ತಾನು ಯಾವ ಹೋಸ್ಟ್, ಯಾವ ಪೋರ್ಟ್ ಹಿಡಿದು ಲೆಕ್ಕ ಹಾಕಿದೆನೆಂದು ತನ್ನದೇ ಲಾಗಿನಲ್ಲಾದರೂ ಒಂದು ಸಾಲು ಎದ್ದು ಕಾಣುವಂತೆ ಬರೆದರೆ ಅದರಿಂದ ಯಾವ ಗುಟ್ಟೂ ಸೋರುವುದಿಲ್ಲ. ಈಗ ಪರದೆಯಲ್ಲಿ ಪ್ರಾಕ್ಸಿಗೆ ಆ ಹೆಡರನ್ನು ಸೇರಿಸುತ್ತಿದ್ದೇನೆ, ಒಂದೇ ಸಾಲು. ಮತ್ತೆ ಸಿಂಕ್ ಒತ್ತಿದರೆ 200, 200, 200. ಬೆಟ್ಟ ಅಗೆದು ಇಲಿ ಹಿಡಿದದ್ದಾಯಿತು.

ಮಾತು ಕೊಟ್ಟಂತೆ ಈಗ ಉಗ್ರಾಣದ ಡೇಟಾಬೇಸ್. ಪ್ರತಿಯೊಂದು ಬುಕ್‌ಮಾರ್ಕ್, ಪ್ರತಿಯೊಂದು ಪಾಸ್‌ವರ್ಡ್ ಇಲ್ಲಿ ಒಂದೊಂದು ಸಾಲು. ಸಂಗ್ರಹದ ಅಂಕಣದಲ್ಲಿ 7 ಎಂದಿದ್ದರೆ ಬುಕ್‌ಮಾರ್ಕ್, 10 ಎಂದಿದ್ದರೆ ಪಾಸ್‌ವರ್ಡ್, 4 ಎಂದಿದ್ದರೆ ಇತಿಹಾಸ. ಮಾಹಿತಿಯನ್ನೇ ಹೊತ್ತ ಪೇಲೋಡ್ ಅಂಕಣವನ್ನು ದೊಡ್ಡದು ಮಾಡಿ ತೋರಿಸುತ್ತೇನೆ: ಅದರಲ್ಲಿರುವುದು ಮೂರೇ ಮೂರು ತುಣುಕು, ಸೈಫರ್‌ಟೆಕ್ಸ್ಟ್ (ಮುಚ್ಚಿದ ಮಾಹಿತಿ), ಐವಿ (ಮುಚ್ಚುವಾಗ ಬೆರೆಸಿದ ಯಾದೃಚ್ಛಿಕ ಮೌಲ್ಯ), ಎಚ್‌ಮ್ಯಾಕ್ (ಯಾರೂ ತಿದ್ದಿಲ್ಲ ಎಂಬುದಕ್ಕೆ ಮುದ್ರೆ), ಮೂರೂ ಕಣ್ಣಿಗೆ ಅರ್ಥವಾಗದ ಅಕ್ಷರಗಳ ಸರಮಾಲೆ. ಎಇಎಸ್-256 ಎಂಬ ಗೂಢಲಿಪಿ ಪದ್ಧತಿಯಿಂದ ಮುಚ್ಚಿದ ಈ ಪೆಟ್ಟಿಗೆಯ ಕೀಲಿ ಬ್ರೌಸರ್‌ಗಳಲ್ಲಿ ಮಾತ್ರ ಇದೆ. ಸರ್ವರಿನ ಸಂರಚನೆಯಲ್ಲಿ ಮಾಸ್ಟರ್ ಸೀಕ್ರೆಟ್ ಎಂಬ ಉದ್ದನೆಯ ಗುಟ್ಟೊಂದನ್ನು ಕೊಡಬೇಕಾಗುತ್ತದೆ. ಅದರಿಂದಲೇ ಈ ಮಾಹಿತಿ ಎನ್‌ಕ್ರಿಪ್ಟ್ ಆಗಿದೆ ಎಂದು ಹಲವರು ತಿಳಿಯುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಅದು ಟೋಕನ್‌ಗಳನ್ನು ಹುಟ್ಟಿಸಲು ಮತ್ತು ಪರಿಶೀಲಿಸಲು ಇರುವುದು.

ಹಾಗೆಂದು ಸರ್ವರಿಗೆ ಏನೂ ಕಾಣುವುದಿಲ್ಲ ಎಂದೂ ಅಲ್ಲ. ಎಷ್ಟು ಸಾಲುಗಳಿವೆ, ಯಾವ ಸಂಗ್ರಹದಲ್ಲಿವೆ, ಪ್ರತಿಯೊಂದರ ಗಾತ್ರ ಎಷ್ಟು, ಕೊನೆಯದಾಗಿ ಯಾವ ಕ್ಷಣದಲ್ಲಿ ಬದಲಾಯಿತು, ಇಷ್ಟೆಲ್ಲ ಬತ್ತಲಾಗಿಯೇ ಇದೆ. ಬುಕ್‌ಮಾರ್ಕ್ ಸಂಗ್ರಹದಲ್ಲಿ ಟೂಲ್‌ಬಾರ್, ಮೆನು, ಮೊಬೈಲ್ ಎಂಬ ಗುರುತುಗಳು ತೆರೆದೇ ಕಾಣುತ್ತಿವೆ ನೋಡಿ. ಯಾರಾದರೂ ಈ ಸಮಯದ ಅಂಕಣವನ್ನು ಮಾತ್ರ ಹಿಡಿದು ಕೂತರೆ ನಾನು ಯಾವಾಗ ಏಳುತ್ತೇನೆ, ಯಾವಾಗ ಮಲಗುತ್ತೇನೆ ಎಂಬುದನ್ನು ಹೇಳಿಯಾರು. ವಿಡಿಯೊದ ಆರಂಭದಲ್ಲಿ ಗೋಪ್ಯತೆ ಹೆಚ್ಚುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ ಮಾತನ್ನು, ಈ ಅಂಕಣವನ್ನು ನೋಡಿದ ಮೇಲೆ, ಕಾಲು ಭಾಗದಷ್ಟು ಹಿಂತೆಗೆದುಕೊಳ್ಳುತ್ತೇನೆ. ಕಾಲು ಭಾಗ ಮಾತ್ರ.

ಬ್ರೌಸರಿನ ಕಡೆಯ ಕೆಲಸ ಚಿಕ್ಕದು. ಎಬೌಟ್ ಕಾನ್ಫಿಗ್ ಪುಟದಲ್ಲಿ ಟೋಕನ್‌ಸರ್ವರ್ ಎಂದು ಹುಡುಕಿದರೆ ಸಿಗುವ ವಿಳಾಸದಲ್ಲಿ ಮೊಜಿಲ್ಲಾದ ಹೋಸ್ಟ್‌ನ ಹೆಸರನ್ನು ತೆಗೆದು ನಮ್ಮದನ್ನು ಹಾಕಿದರೆ ಸಾಕು. ಅದರ ಮುಂದಿನ 1.0, ಸಿಂಕ್, 1.5 ಎಂಬ ಬಾಲವನ್ನು ಹಾಗೆಯೇ ಬಿಡಿ. ಆಮೇಲೆ ಖಾತೆಯಿಂದ ಹೊರಬಂದು ಮತ್ತೆ ಒಳಗೆ ಹೋಗುವುದು ನಿಶ್ಚಿಂತೆಯ ದಾರಿ.

ಫೋನಿನಲ್ಲಿ ಮಾತ್ರ ಇದನ್ನು ಬಚ್ಚಿಟ್ಟಿದ್ದಾರೆ. ಆಂಡ್ರಾಯ್ಡ್ ಫೈರ್‌ಫಾಕ್ಸ್‌ನಲ್ಲಿ ಸೆಟ್ಟಿಂಗ್ಸ್‌ನ ಕೊನೆಯಲ್ಲಿರುವ ಪರಿಚಯದ ಪುಟಕ್ಕೆ ಹೋಗಿ ಲಾಂಛನವನ್ನು ಐದು ಸಲ ತಟ್ಟಬೇಕು, ಹಿಂದಕ್ಕೆ ಬಂದರೆ ಸಿಂಕ್ ಸರ್ವರಿನ ವಿಳಾಸ ಕೊಡುವ ಸಾಲು ಹೊಸದಾಗಿ ಮೂಡಿರುತ್ತದೆ. ಐಫೋನಿನಲ್ಲಿ ಲಾಂಛನದ ಬದಲು ಆವೃತ್ತಿ ಸಂಖ್ಯೆಯ ಸಾಲನ್ನು ತಟ್ಟಬೇಕು. ಖಾತೆಗೆ ಲಾಗಿನ್ ಆಗುವ ಮೊದಲೇ ಇದನ್ನು ಮಾಡಿ ಮುಗಿಸಿ. ವಿಳಾಸ ಬದಲಾಯಿಸುವ ಅವಕಾಶವನ್ನು ಇಷ್ಟು ಅಡಗಿಸಿಡುವುದು ನನಗೆ ಇಷ್ಟವಿಲ್ಲ, ಆದರೆ ಯಾರೋ ಹೇಳಿಕೊಟ್ಟರೆಂದು ಗೊತ್ತಿಲ್ಲದ ಸರ್ವರಿನ ವಿಳಾಸ ಹಾಕಿಕೊಳ್ಳುವವರೂ ಇರುತ್ತಾರೆ ಎಂಬುದನ್ನು ಎಣಿಸಿದರೆ ಐದು ಸಲ ತಟ್ಟುವುದು ದೊಡ್ಡ ಶಿಕ್ಷೆಯೇನಲ್ಲ.

ಇನ್ನು ಬ್ಯಾಕಪ್ ಬಗ್ಗೆ ಕೇಳುತ್ತೀರಿ ಎಂದು ಗೊತ್ತು. ಈ ಸರ್ವರಿನ ಡೇಟಾಬೇಸಿಗೆ ನಾನು ಬ್ಯಾಕಪ್ ಇಡುವುದಿಲ್ಲ. ಎಲ್ಲವೂ ಪ್ರತಿಯೊಂದು ಸಾಧನದಲ್ಲೂ ಇದ್ದೇ ಇರುತ್ತದೆ. ಸರ್ವರ್ ಸುಟ್ಟುಹೋಗಿ ಹೊಸದನ್ನು ನಿಲ್ಲಿಸಿದರೆ ಬ್ರೌಸರ್‌ಗಳು ತಮ್ಮಲ್ಲಿರುವುದನ್ನು ಮತ್ತೆ ಮೇಲಕ್ಕೆ ಕಳುಹಿಸುತ್ತವೆ. ಬ್ಯಾಕಪ್ ಬೇಕಿರುವುದು ಬ್ರೌಸರಿನ ಪ್ರೊಫೈಲ್ ಕಡತಕೋಶಕ್ಕೆ, ಏಕೆಂದರೆ ಲ್ಯಾಪ್‌ಟಾಪಿನಲ್ಲಿ ಅಳಿಸಿದ ಬುಕ್‌ಮಾರ್ಕ್ ಫೋನಿನಿಂದಲೂ ಶ್ರದ್ಧೆಯಿಂದ ಅಳಿಸಿಹೋಗುತ್ತದೆ, ಸಿಂಕ್‌ನ ಕೆಲಸವೇ ಅದು. ಖಾತೆಯ ಪಾಸ್‌ವರ್ಡ್ ಮರೆತು ರೀಸೆಟ್ ಮಾಡಿದರೂ, ಮೊದಲೇ ರಿಕವರಿ ಕೀಲಿ ತೆಗೆದಿಟ್ಟುಕೊಂಡಿರದಿದ್ದರೆ, ಸರ್ವರಿನಲ್ಲಿರುವ ಹಳೆಯ ಸಾಲುಗಳನ್ನು ಬಿಚ್ಚಲು ನಿಮ್ಮಿಂದಲೂ ಆಗುವುದಿಲ್ಲ. ರಿಕವರಿ ಕೀಲಿ ಖಾತೆಯ ಸೆಟ್ಟಿಂಗ್ಸ್ ಪುಟದಲ್ಲಿ ಸಿಗುತ್ತದೆ; ಈ ಶಾಟಿನಲ್ಲಿ ನನ್ನದನ್ನು ಮಸುಕು ಮಾಡಿದ್ದೇನೆ, ಅದನ್ನು ಮುದ್ರಿಸಿಟ್ಟುಕೊಂಡು ಕ್ಯಾಮೆರಾ ನಿಲ್ಲಿಸುತ್ತೇನೆ.