ಐವಿಎಫ್‌ಗೆ ದುಡ್ಡು ಕಟ್ಟುವ ಮುಂಚೆ ಈ ಹಾಳೆ ಸರಿಯಾಗಿ ಓದಿ

[ಕೈಯಲ್ಲಿ ಎಸ್ಟಿಮೇಟ್ ಹಾಳೆ. ಕ್ಯಾಮೆರಾ ಹತ್ತಿರಕ್ಕೆ.]

ನಮಸ್ಕಾರ. ಐವಿಎಫ್ ಅಂದರೆ ಅಂಡಾಣು ಹೊರತೆಗೆದು, ಲ್ಯಾಬ್‌ನಲ್ಲಿ ವೀರ್ಯದ ಜೊತೆ ಸೇರಿಸಿ, ಆದ ಭ್ರೂಣವನ್ನು ಗರ್ಭಕೋಶದೊಳಗೆ ಇಡುವ ಚಿಕಿತ್ಸೆ. ಈ ಹಾಳೆ ನೋಡಿ. ಇದು ವಿಡಿಯೋಗೆ ಅಂತ ನಾವೇ ಟೈಪ್ ಮಾಡಿದ್ದು. ಆದರೆ ಇಂಥದ್ದನ್ನು ನೀವು ನೋಡಿರುತ್ತೀರಿ. ಮೇಲೆ ದಪ್ಪಗೆ ‘ಐವಿಎಫ್ ಪ್ಯಾಕೇಜ್ 1,10,000 ರೂಪಾಯಿ’. ಕೆಳಗೆ ಇರುವೆ ಸಾಲಿನ ಹಾಗೆ ‘ಔಷಧಿ, ಫ್ರೀಜಿಂಗ್, ಎಫ್‌ಇಟಿ ಪ್ರತ್ಯೇಕ’. ಫ್ರೀಜಿಂಗ್ ಅಂದರೆ ಭ್ರೂಣವನ್ನು ಹೆಪ್ಪುಗಟ್ಟಿಸಿ ಇಡುವುದು, ಎಫ್‌ಇಟಿ ಅಂದರೆ ಆ ಭ್ರೂಣವನ್ನು ಆಮೇಲೆ ಗರ್ಭಕೋಶದೊಳಗೆ ಇಡುವುದು. ಇವತ್ತಿನ ಮಾತೆಲ್ಲಾ ಆ ಇರುವೆ ಸಾಲಿನ ಬಗ್ಗೆ.

ಅದಕ್ಕೂ ಮುಂಚೆ ಒಂದು ವಿಷಯ. ಎಲ್ಲರಿಗೂ ಐವಿಎಫ್ ಬೇಕಾಗುವುದಿಲ್ಲ. ಒಂದು ವರ್ಷ ಪ್ರಯತ್ನ ಪಟ್ಟರೂ ಆಗಲಿಲ್ಲ ಅಂದರೆ ಡಾಕ್ಟರ್ ಹತ್ತಿರ ಹೋಗಿ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಿ. ಇಬ್ಬರೂ ಹೋಗಿ. ವೀರ್ಯ ಪರೀಕ್ಷೆಗೆ ಆಗುವ ಖರ್ಚು ತೀರಾ ಕಡಿಮೆ, ಸೂಜಿ ಚುಚ್ಚುವುದೂ ಇಲ್ಲ. ಆದರೂ ನಮ್ಮಲ್ಲಿ ಅದೇ ಕೊನೆಗೆ! ಹೆಂಡತಿಗೆ ಸ್ಕ್ಯಾನು, ಎಚ್‌ಎಸ್‌ಜಿ (ಗರ್ಭನಾಳದ ಎಕ್ಸ್‌ರೇ), ಲ್ಯಾಪ್ರೊಸ್ಕೋಪಿ ಎಲ್ಲಾ ಮುಗಿದಿರುತ್ತದೆ, ಗಂಡ ಮಾತ್ರ ‘ನನಗೇನೂ ತೊಂದರೆ ಇಲ್ಲ ಬಿಡಿ’ ಅಂತ ಹೊರಗೆ ಕೂತಿರುತ್ತಾನೆ. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಗಂಡಿನ ಕಡೆಯ ಕಾರಣವೂ ಸೇರಿರುತ್ತದೆ.

[ಸ್ಕ್ರೀನ್ ಮೇಲೆ: ಒಂದು ಸೈಕಲ್, ಎಷ್ಟು ಬಿಲ್?]

ಈಗ ದುಡ್ಡಿನ ಮಾತು. ಐಯುಐ, ಅಂದರೆ ವೀರ್ಯವನ್ನು ನೇರ ಗರ್ಭಕೋಶದೊಳಗೆ ಬಿಡುವುದು ಆದರೆ, ಒಂದು ಸಲಕ್ಕೆ ಕೆಲವು ಸಾವಿರದಲ್ಲಿ ಮುಗಿಯುತ್ತದೆ. ಐವಿಎಫ್ ಒಂದು ಸೈಕಲ್‌ಗೆ, ಅಂದರೆ ಒಂದು ಸಲದ ಚಿಕಿತ್ಸೆಗೆ, ಔಷಧಿ ಸೇರಿಸಿ ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಲಕ್ಷ. ಲೆಕ್ಕ ತಪ್ಪಿಸುವುದು ಅಂಡಾಣು ಬೆಳೆಸುವ ಇಂಜೆಕ್ಷನ್. ಮುಟ್ಟಿನ ಎರಡನೇ ಅಥವಾ ಮೂರನೇ ದಿನ ಶುರುವಾದರೆ ಸುಮಾರು 10–12 ದಿನ, ದಿನಾ ಹಾಕಿಸಿಕೊಳ್ಳಬೇಕು. ಡೋಸ್ ಎಷ್ಟು ಅನ್ನುವುದು ವಯಸ್ಸು, ಎಎಂಎಚ್ (ಅಂಡಾಣು ಎಷ್ಟು ಉಳಿದಿವೆ ಅಂತ ಅಂದಾಜು ಕೊಡುವ ರಕ್ತ ಪರೀಕ್ಷೆ), ಸ್ಕ್ಯಾನ್‌ನಲ್ಲಿ ಕಂಡ ಫಾಲಿಕಲ್‌ಗಳ (ಅಂಡಾಣು ಬೆಳೆಯುವ ಪುಟ್ಟ ಚೀಲಗಳ) ಮೇಲೆ ನಿಂತಿದೆ. ಅದೇ ಕ್ಲಿನಿಕ್, ಅದೇ ಪ್ಯಾಕೇಜ್, ಆದರೂ ನಿಮ್ಮ ಓರಗಿತ್ತಿಗೆ ಆದದ್ದರ ಎರಡರಷ್ಟು ನಿಮಗಾಗಬಹುದು. ಮಧ್ಯದಲ್ಲಿ ಡೋಸ್ ಬದಲಾಗುವುದೂ ಉಂಟು. ಹಾಗಾಗಿ ಎಲ್ಲಾ ಒಂದೇ ಸಲ ಕೊಳ್ಳಬೇಡಿ. ಮುಂದಿನ ಸ್ಕ್ಯಾನ್‌ವರೆಗೆ ಎಷ್ಟು ಬೇಕೋ ಅಷ್ಟೇ ತನ್ನಿ.

ಆಮೇಲೆ ಕೌಂಟರ್‌ನಲ್ಲಿ ಹೀಗೆ ಕೇಳಿ: ‘ಅಂಡಾಣು ತೆಗೆಯುವುದು, ಅನಸ್ತೇಶಿಯಾ, ಇಕ್ಸಿ (ಒಂದೊಂದು ವೀರ್ಯಾಣುವನ್ನು ಅಂಡಾಣುವಿನೊಳಗೆ ಚುಚ್ಚಿ ಬಿಡುವುದು), ಫ್ರೀಜಿಂಗ್, ಭ್ರೂಣ ಒಳಗಿಡುವುದು, ಅದಾದ ಮೇಲಿನ ಪ್ರೊಜೆಸ್ಟರಾನ್ (ಗರ್ಭ ನಿಲ್ಲಲು ಕೊಡುವ ಹಾರ್ಮೋನ್), ಎರಡು ವಾರದ ನಂತರದ ಬೀಟಾ ಎಚ್‌ಸಿಜಿ ಟೆಸ್ಟ್ (ಗರ್ಭ ನಿಂತಿದೆಯಾ ಅಂತ ನೋಡುವ ರಕ್ತ ಪರೀಕ್ಷೆ), ಇಷ್ಟೂ ಸೇರಿ ಎಷ್ಟು? ಈ ಸಲ ಆಗದಿದ್ದರೆ ಫ್ರೀಜ್ ಮಾಡಿದ ಭ್ರೂಣ ಒಳಗಿಡಲು ಮತ್ತೆಷ್ಟು?’ ಉತ್ತರವನ್ನು ಬರೆದು ಕೊಡಿ ಅನ್ನಿ. ‘ಅಂದಾಜು ಅಷ್ಟಾಗುತ್ತೆ ಸಾರ್’ ಅನ್ನುವುದನ್ನು ಉತ್ತರ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ.

ಇನ್ಶೂರೆನ್ಸ್ ಇದೆಯಲ್ಲ ಅಂತ ಧೈರ್ಯವಾಗಿರಬೇಡಿ. ಪಾಲಿಸಿಯಲ್ಲಿ ಎಕ್ಸ್‌ಕ್ಲೂಷನ್ ಪಟ್ಟಿ, ಅಂದರೆ ಯಾವುದಕ್ಕೆ ದುಡ್ಡು ಕೊಡುವುದಿಲ್ಲ ಅನ್ನುವ ಪಟ್ಟಿ, ತೆಗೆದು 17ನೇ ಕೋಡ್ ಹುಡುಕಿ. ಬಂಜೆತನದ ಚಿಕಿತ್ಸೆ ಅಲ್ಲಿರುತ್ತದೆ. ಕೆಲವು ಕಂಪನಿಗಳ ಗ್ರೂಪ್ ಪಾಲಿಸಿಯಲ್ಲಿ ಸಿಗುತ್ತದೆ, ಎಚ್‌ಆರ್ ಅವರನ್ನು ಕೇಳಿ. ಸಾಲ ಮಾಡಿ ಕಟ್ಟಿದರೆ ಮತ್ತೆ ಇಎಂಐ. ಟೆಸ್ಟ್ ನೆಗೆಟಿವ್ ಬಂದರೂ ಅದು ಐದನೇ ತಾರೀಖಿಗೆ ಸರಿಯಾಗಿ ಬರುತ್ತದೆ.

[ಸ್ಕ್ರೀನ್ ಮೇಲೆ: 100 → 70 → 42 → 30]

ಕ್ಲಿನಿಕ್ ಬೋರ್ಡ್ ಮೇಲೆ ‘60 ಪರ್ಸೆಂಟ್ ಸಕ್ಸಸ್’ ಅಂತ ಇದೆ ಅನ್ನಿ. ಯಾವುದರಲ್ಲಿ 60? ಇವು ನಿಜವಾದ ಅಂಕಿ ಅಲ್ಲ, ಸುಮ್ನೆ ಲೆಕ್ಕಕ್ಕೆ ಇಟ್ಟುಕೊಂಡದ್ದು. ನೂರು ಹೆಂಗಸರು ಇಂಜೆಕ್ಷನ್ ಶುರು ಮಾಡಿದರು ಅನ್ನಿ. ಭ್ರೂಣ ಒಳಗಿಡುವ ತನಕ ಬಂದವರು 70. ಅವರಲ್ಲಿ ಟೆಸ್ಟ್ ಪಾಸಿಟಿವ್ ಆದದ್ದು 42 ಜನಕ್ಕೆ. ಮಗು ಎತ್ತಿಕೊಂಡು ಮನೆಗೆ ಹೋದವರು 30. ಎಪ್ಪತ್ತಕ್ಕೆ ನಲವತ್ತೆರಡು ಅಂದರೆ 60 ಪರ್ಸೆಂಟ್. ಬೋರ್ಡಿನಲ್ಲಿ ಸುಳ್ಳಿಲ್ಲ. ಆದರೆ ನೀವು ಬಂದಿರುವುದು ಮಗುವಿಗೆ, ಅಲ್ವಾ? ಆ ಲೆಕ್ಕ 30. ದಾನಿಯ ಅಂಡಾಣು ಬಳಸಿದವರನ್ನೂ ಸೇರಿಸಿಬಿಟ್ಟರೆ ಅಂಕಿ ಇನ್ನೂ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಕೇಳಬೇಕಾದ್ದು ಇದು: ‘ನನ್ನ ವಯಸ್ಸಿನವರಲ್ಲಿ, ಸ್ವಂತ ಅಂಡಾಣುವಿನಿಂದ, ನೂರು ಜನ ಶುರು ಮಾಡಿದರೆ ಎಷ್ಟು ಜನಕ್ಕೆ ಮಗು ಆಗಿದೆ?’

ಕೇಳಲು ಮುಜುಗರ ಬೇಡ. ಯಶಸ್ಸಿನ ಸಾಧ್ಯತೆ, ಖರ್ಚು, ಅಡ್ಡ ಪರಿಣಾಮ ಎಲ್ಲವನ್ನೂ ದಂಪತಿಗೆ ತಿಳಿಸಬೇಕು ಅಂತ 2021ರ ಎಆರ್‌ಟಿ ಕಾಯ್ದೆ, ಅಂದರೆ ಐವಿಎಫ್‌ನಂಥ ಚಿಕಿತ್ಸೆಗಳ ಕಾಯ್ದೆಯೇ ಹೇಳುತ್ತದೆ. ಕ್ಲಿನಿಕ್ ನೋಂದಣಿ ಆಗಿರಬೇಕು, ಸರ್ಟಿಫಿಕೇಟ್ ಎದುರಿಗೇ ತೂಗು ಹಾಕಿರಬೇಕು. ಲೆವೆಲ್ 1 ಅಂತ ಇದ್ದರೆ ಅಲ್ಲಿ ಐಯುಐ ಮಾತ್ರ. ಐವಿಎಫ್‌ಗೆ ಲೆವೆಲ್ 2 ಬೇಕು.

ಊರಲ್ಲೇ ಮಾಡಿಸಬೇಕಾ, ಬೆಂಗಳೂರಿಗೆ ಹೋಗಬೇಕಾ? ದಾವಣಗೆರೆ, ಹುಬ್ಬಳ್ಳಿ, ಮಂಗಳೂರು, ಮೈಸೂರಲ್ಲೂ ಈಗ ಐವಿಎಫ್ ಇದೆ. ನನ್ನ ಮಟ್ಟಿಗೆ ಹತ್ತಿರದ್ದೇ ವಾಸಿ, ಲ್ಯಾಬ್ ಸರಿ ಇದ್ದರೆ. ಆ ಹತ್ತು ಹನ್ನೆರಡು ದಿನದಲ್ಲಿ ನಾಲ್ಕೈದು ಸಲ ಸ್ಕ್ಯಾನ್‌ಗೆ ಓಡಬೇಕು. ಫ್ರಿಜ್‌ನಲ್ಲಿಡುವ ಇಂಜೆಕ್ಷನ್ ಆದರೆ ಐಸ್ ಡಬ್ಬಿ ತೊಡೆ ಮೇಲಿಟ್ಟುಕೊಂಡು ರಾತ್ರಿ ಬಸ್ಸಿನಲ್ಲಿ ಕೂರಬೇಕು. ಲಾಡ್ಜ್ ಬಾಡಿಗೆ, ರಜೆ ಹಾಕಿದ ಸಂಬಳ ಯಾವ ಎಸ್ಟಿಮೇಟ್‌ನಲ್ಲೂ ಇರುವುದಿಲ್ಲ. ಆದರೆ ‘ಲ್ಯಾಬ್ ಇಲ್ಲೇ ಇದೆಯಾ? ಎಂಬ್ರಿಯಾಲಜಿಸ್ಟ್ (ಲ್ಯಾಬ್‌ನಲ್ಲಿ ಭ್ರೂಣ ಬೆಳೆಸುವ ತಜ್ಞರು) ದಿನಾ ಇರುತ್ತಾರಾ?’ ಅಂತ ಕೇಳಿಕೊಳ್ಳಿ. ಕೆಲವು ಕಡೆ ಸ್ಕ್ಯಾನ್ ಮಾತ್ರ ನಿಮ್ಮೂರಲ್ಲಿ, ಅಂಡಾಣು ತೆಗೆಯಲು ದೊಡ್ಡ ಊರಿಗೇ ಹೋಗಬೇಕಾಗುತ್ತದೆ. ಇಂಜೆಕ್ಷನ್‌ನ ಅಡ್ಡ ಪರಿಣಾಮದಿಂದ ರಾತ್ರಿ ಹನ್ನೊಂದಕ್ಕೆ ಹೊಟ್ಟೆ ಊದಿ ಉಸಿರು ಕಟ್ಟಿದರೆ ಫೋನ್ ಎತ್ತುವವರು ಯಾರು, ಅದನ್ನೂ ಕೇಳಿ.

[ಮತ್ತೆ ಹಾಳೆಯ ಕೊನೆಯ ಸಾಲು]

ಒಂದು ಉಳಿಯಿತು. ಮಿಕ್ಕ ಭ್ರೂಣಗಳನ್ನು ಹತ್ತು ವರ್ಷದವರೆಗೆ ಇಡಲು ಕಾಯ್ದೆಯಲ್ಲಿ ಅವಕಾಶ ಇದೆ. ಇಟ್ಟಷ್ಟು ದಿನ ಬಾಡಿಗೆ. ವರ್ಷಕ್ಕೆ ಎಷ್ಟು ಅಂತ ಇದೇ ಹಾಳೆಯಲ್ಲಿ, ಪೆನ್ನಿನಲ್ಲೇ ಆಗಲಿ, ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಿ.